ಪಟೇಲರ ಮೋಟಾರಿಗೆ ಗಾಳಿ

"ಒಡೀಲಾ ಬೋಳಿಮಗನೆ! ಇಟ್ಟು ಉಣ್ಣಾಕೆ ಬರೋ ಕೈಗೆ ಪಂಪು ಒಡ್ಯಾಕೆ ಬರಾಕಿಲ್ವಾ?"

ಜಗಲಿಯ ಮೇಲಿಂದ ಪಟೇಲ್ ತಿಮ್ಮಯ್ಯನವರ ಬೈಗುಳ ಬಂದು ಬೆನ್ನಿಗೆ ಬಿದ್ದಾಗ ಅಂಕಯ್ಯ ಪಂಪಿನ ಹಿಡಿಯನ್ನು ಎದೆಯ ಮಟ್ಟಕ್ಕೆ ಎಳೆದಿದ್ದ. ಹಲ್ಲು ಕಚ್ಚಿ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟ. ಪಂಪು ಕೀರಲು ದನಿ ತೆಗೆದು ಕೆಳಗಿಳಿಯಿತು. ಮತ್ತೆ ಎಳೆದ, ಮತ್ತೆ ಬಿಟ್ಟ. ಬೆವರು ಹುಬ್ಬು ದಾಟಿ ಕಣ್ಣಿಗಿಳಿಯಿತು.

ಹಿಂದಿನ ಚಕ್ರದ ಮುಂದೆ ಡ್ರೈವರ್ ನಂಜಣ್ಣ ಕುಕ್ಕರುಗಾಲಲ್ಲಿ ಕೂತಿದ್ದ. ಮೈಸೂರಿನಿಂದ ಬಂದವನು. ಖಾಕಿ ಷರಟು, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಕಿವಿಯ ಮೇಲೊಂದು ಬೀಡಿ. ಪೆನ್ಸಿಲಿನಂಥ ಹಿತ್ತಾಳೆ ಗೇಜನ್ನು ಚಕ್ರದ ವಾಲ್ವಿಗೆ ಒತ್ತಿ ನೋಡಿ, "ಇನ್ನೂ ಸ್ವಲ್ಪ ಬೇಕು ಪಟೇಲ್ರೆ" ಎಂದ. ಅಂಕಯ್ಯನ ಕಡೆ ತಿರುಗಿ ಅದೇ ಬಾಯಲ್ಲಿ, "ಹೊಡಿಯೋ, ಏನ್ ನೋಡ್ತಾ ನಿಂತಿದೀಯ?" ಎಂದ.

ಬಿಸಿಲು ಅಂಗಳಕ್ಕೆ ಇಳಿಯುವ ಮೊದಲೇ ಈ ಕೆಲಸ ಮುಗಿಯಬೇಕಿತ್ತು. ಮೋಟಾರು ಒಮ್ಮೆ ಓಡಿತೆಂದರೆ ಟೈರು ಕಾಯುತ್ತದೆ, ಒಳಗಿನ ಗಾಳಿ ಉಬ್ಬುತ್ತದೆ, ಆಗ ನೋಡಿದ ಅಳತೆ ಸುಳ್ಳಾಗುತ್ತದೆ ಎಂದು ನಂಜಣ್ಣ ಹೇಳಿಕೊಟ್ಟಿದ್ದ. ಪಟೇಲರು ಅದನ್ನು ಬಾಯಿಪಾಠ ಮಾಡಿಕೊಂಡು ಮನೆಗೆ ಬಂದವರಿಗೆಲ್ಲ ತಾವೇ ಕಂಡುಹಿಡಿದಂತೆ ಒಪ್ಪಿಸುತ್ತಿದ್ದರು. ಗಾಳಿ ಕಮ್ಮಿಯಾದರೆ ಟೈರಿನ ಪಕ್ಕೆ ಸೀಳುತ್ತದೆ, ಜಾಸ್ತಿಯಾದರೆ ಕಲ್ಲಿಗೆ ಬಡಿದು ಸಿಡಿಯುತ್ತದೆ. ಸಿಡಿದರೆ ಇನ್ನೊಂದಿಲ್ಲ. ರಬ್ಬರು ಬೆಳೆಯುವ ಸೀಮೆಯನ್ನೆಲ್ಲ ಯುದ್ಧದಲ್ಲಿ ಜಪಾನಿನವರು ಹಿಡಿದ ಮೇಲೆ ಹೊಸ ಟೈರು ಮೈಸೂರಲ್ಲೂ ಇಲ್ಲ, ಬೆಂಗಳೂರಲ್ಲೂ ಇಲ್ಲ. ಮಿರ್ಲೆ ಸುತ್ತಿನ ಹಳ್ಳಿಗಳಲ್ಲಿ ಮೋಟಾರಿದ್ದದ್ದು ಪಟೇಲರ ಮನೆಯಲ್ಲಿ ಮಾತ್ರ. ಆದ್ದರಿಂದ ಮನೆಯ ಮಕ್ಕಳಿಗೆ ಮೈ ಬಿಸಿಯಾದರೂ ಕೇಳದ ಪಟೇಲರು ದಿನಾ ಬೆಳಿಗ್ಗೆ ಎದ್ದವರೇ, "ಗಾಳಿ ನೋಡಿದ್ರೇನ್ರೋ?" ಎಂದು ಕೇಳುತ್ತಿದ್ದರು.

ಅಂಕಯ್ಯ ಆ ಮನೆಯ ಜೀತದಾಳು. ಪಂಪು ಮುಟ್ಟಬಹುದು, ಅದರ ರಬ್ಬರು ಕೊಳವೆ ಮುಟ್ಟಬಹುದು. ವಾಲ್ವು ಮುಟ್ಟುವಂತಿರಲಿಲ್ಲ. ವಾಲ್ವು ಚಕ್ರಕ್ಕೆ ಸೇರಿದ್ದು, ಚಕ್ರ ಮೋಟಾರಿಗೆ ಸೇರಿದ್ದು, ಮೋಟಾರಿನಲ್ಲಿ ಪಟೇಲರು ಕೂರುತ್ತಿದ್ದರು. ಹಾಗಾಗಿ ಕೊಳವೆಯ ತುದಿ ಸಿಕ್ಕಿಸುವುದು ನಂಜಣ್ಣನ ಕೆಲಸ, ಬೆನ್ನು ಮುರಿಯುವುದು ಅಂಕಯ್ಯನ ಕೆಲಸ.

ಮೋಟಾರು ಬರುವ ಮೊದಲು ಅಂಕಯ್ಯ ಪಟೇಲರ ಭತ್ತದ ಗಾಡಿ ಹೊಡೆಯುತ್ತಿದ್ದ. ಬೂದು ಬಣ್ಣದ ಜೋಡಿ ಎತ್ತು. ಅವನು ನಾಲಗೆಯಲ್ಲಿ ಲೊಟ್ಟೆ ಹೊಡೆದರೆ ಸಾಕು, ಚಾಟಿ ಬೇಕಿರಲಿಲ್ಲ. ಚುಂಚನಕಟ್ಟೆ ನಾಲೆಯ ಏರಿಯ ಮೇಲೆ ಗಾಡಿ ಹೋಗುತ್ತಿದ್ದರೆ ಗದ್ದೆಯ ಹೆಂಗಸರು ನಾಟಿ ನಿಲ್ಲಿಸಿ ನೋಡುತ್ತಿದ್ದರು. ಮೋಟಾರು ಬಂದ ಸುಗ್ಗಿಯಲ್ಲೇ ಪಟೇಲರು ಆ ಜೋಡಿಯನ್ನು ಮಾರಿದರು. ಎತ್ತು ಕಟ್ಟುತ್ತಿದ್ದ ಕೊಟ್ಟಿಗೆಗೆ ಹೆಂಚು ಹೊದಿಸಿ ಮೋಟಾರು ನಿಲ್ಲಿಸಿದರು. ಅಂದಿನಿಂದ ಅಂಕಯ್ಯನ ಕೈಗೆ ಹಗ್ಗ ಹೋಗಿ ಪಂಪು ಬಂತು.

ನಾಲ್ಕೂ ಚಕ್ರ ಮುಗಿಯುವ ಹೊತ್ತಿಗೆ ಪಟೇಲರ ಹೆಂಡತಿ ರುಕ್ಮಿಣಮ್ಮ ಡ್ರೈವರಿಗೆಂದು ಹಿತ್ತಾಳೆ ಲೋಟದಲ್ಲಿ ಕಾಫಿ ಕಳಿಸುವರು. ನಂಜಣ್ಣ ಕೈ ಒರೆಸಿಕೊಂಡು ಜಗಲಿಯ ತುದಿಯಲ್ಲಿ ಕೂತು ಕುಡಿಯುವನು. ಅಂಕಯ್ಯ ಹೊಂಗೆಮರದ ಬುಡದಲ್ಲಿ ನಿಂತು ಅವನ ಗಂಟಲ ಗುಬಟು ಏರಿ ಇಳಿಯುವುದನ್ನೇ ನೋಡುವನು. ಕಾಫಿ ಹೇಗಿರುತ್ತದೆಂದು ಅಂಕಯ್ಯನಿಗೆ ಗೊತ್ತಿರಲಿಲ್ಲ. ಅವನ ಹೊಟ್ಟೆಯುರಿ ಕಾಫಿಯ ಮೇಲಲ್ಲ, ಕೂತ ಜಾಗದ ಮೇಲೆ.

ಅದೂ ಹೋಗಲಿ ಅನ್ನುವಂತಿತ್ತು, ಹೆಂಡತಿಯ ನಗು ಕಾಣದಿದ್ದರೆ.

ಸಣ್ಣತಾಯಮ್ಮ ಅದೇ ಮನೆಯ ದನದ ಕೊಟ್ಟಿಗೆ ಬಳಿಯುವವಳು. ಒಂದು ಬೆಳಿಗ್ಗೆ ಸಗಣಿ ಕುಕ್ಕೆ ಹೊತ್ತು ಮೋಟಾರಿನ ಕೊಟ್ಟಿಗೆಯ ಮುಂದೆ ಹಾಯುವಾಗ ನಂಜಣ್ಣ ಬಾನೆಟ್ಟಿನೊಳಗೆ ತಲೆ ಇಟ್ಟುಕೊಂಡೇ ಏನೋ ಅಂದ. ಅವಳು ಸೆರಗನ್ನು ಬಾಯಿಗೆ ಕಚ್ಚಿಕೊಂಡು ಕುಲುಕುಲು ನಕ್ಕಳು. ಮದುವೆಯಾದಂದಿನಿಂದ ಅಂಕಯ್ಯ ಅವಳ ಆ ನಗು ಕಂಡಿರಲಿಲ್ಲ. ಪಂಪು ಅವನ ಕೈಯಲ್ಲೇ ನಿಂತಿತು.

ಗುಡಿಸಲಿಗೆ ಬಂದವನೇ ಕೇಳಿದ.

"ಆ ಡೈವರ್ ಜೊತೆ ಏನಮ್ಮಿ ಅಲ್ಲು ಕಿರೀತಿದ್ದೆ?"

"ಯಾರ ಜೊತೆ?"

"ಕಣ್ಣಾರೆ ಕಂಡಿವ್ನಿ ಕಣಮ್ಮಿ. ನಾನು ಅವನ ಚಕ್ರುಕ್ಕೆ ಉಸ್ರು ತುಂಬ್ತಾ ಸಾಯ್ತಿದ್ರೆ ನೀನು ಅವನ ಮುಂದೆ ಸೆರಗು ಕಚ್ಕೊಂಡು ನಗ್ತಿದ್ದೆ."

"ನಗಾಕೂ ನಿನ್ನ ಅಪ್ಪಣೆ ಬೇಕಾ? ಇಟ್ಟು ಆರೋಯ್ತದೆ, ಉಣ್ಣು."

ಅವನು ಉಣ್ಣಲಿಲ್ಲ. ಮರುದಿನದಿಂದ ಅವನ ಕಣ್ಣು ಪಂಪಿನ ಮೇಲಿರಲಿಲ್ಲ. ಸಣ್ಣತಾಯಮ್ಮ ಕೊಟ್ಟಿಗೆಯಿಂದ ತಿಪ್ಪೆಗೆ ಯಾವ ದಾರಿಯಲ್ಲಿ ಹೋದಳು, ನಂಜಣ್ಣ ತಲೆ ಎತ್ತಿದನೋ ಇಲ್ಲವೋ, ಅವಳು ಹೊಸದಾಗಿ ಬೈತಲೆ ತೆಗೆದಿದ್ದಾಳೋ ಏನು, ಇದನ್ನೇ ನೋಡುತ್ತಿದ್ದ. ನಂಜಣ್ಣನ ಖಾಕಿ ಷರಟಿನ ಗುಂಡಿ ಬಿಸಿಲಿಗೆ ಮಿಂಚಿದರೆ ಅಂಕಯ್ಯನ ಎದೆಯಲ್ಲಿ ಮುಳ್ಳಾಡುತ್ತಿತ್ತು. ಕೆರೆಯಲ್ಲಿ ಮೈ ತೊಳೆಯುವಾಗ ಬಗ್ಗಿ ತನ್ನ ಮುಖ ನೋಡಿಕೊಂಡ. ಬಿದ್ದ ಹಲ್ಲು, ನೆರೆತ ಗಡ್ಡ. ನೀರಿಗೆ ಉಗಿದು ಮೇಲೆ ಬಂದ.

ಒಂದು ಮಧ್ಯಾಹ್ನ ಪಟೇಲರು ಉಂಡು ಮಲಗಿದ್ದರು. ಸಣ್ಣತಾಯಮ್ಮ ಮಡಿಲಲ್ಲಿ ಏನನ್ನೋ ಮುಚ್ಚಿಕೊಂಡು ಹುಲ್ಲಿನ ಬಣವೆಯ ಹಿಂದಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ನಂಜಣ್ಣನೂ ಅತ್ತಿತ್ತ ನೋಡಿ ಅದೇ ಕಡೆ ನಡೆದ. ಅಂಕಯ್ಯ ಬೇಲಿಯ ಗೂಟ ಕಿತ್ತುಕೊಂಡು ಹಿಂದೆಯೇ ಹೋದ. ಇಬ್ಬರನ್ನೂ ಅಲ್ಲೇ ಕೆಡವಬೇಕೆಂದು ಹೋದ.

ಬಣವೆಯ ನೆರಳಲ್ಲಿ ನಂಜಣ್ಣ ನೆಲಕ್ಕೆ ಕೂತಿದ್ದ. ಅವನ ಮುಂದೆ ಮುತ್ತುಗದೆಲೆಯಲ್ಲಿ ರಾಗಿ ಮುದ್ದೆ, ಹುಣಸೆರಸ ಹಾಕಿ ಹುರಿದ ಒಣಬಾಡು. ಸತ್ತ ದನದ ಬಾಡು, ಅಂಕಯ್ಯನೇ ಮಾಡಿನ ಕೆಳಗೆ ಕಟ್ಟಿ ಒಣಗಿಸಿದ್ದು. ನಂಜಣ್ಣ ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದ. ಪಕ್ಕದಲ್ಲಿ ಸಣ್ಣತಾಯಮ್ಮ ತಾಯಿ ಮಗನಿಗೆ ಇಡುವ ಹಾಗೆ ಇನ್ನೊಂದು ತುಂಡು ಇಡುತ್ತಿದ್ದಳು.

ಗೂಟ ಹಿಡಿದ ಕೈ ಮೇಲೆದ್ದಲ್ಲೇ ಉಳಿಯಿತು.

"ಕೈ ಮುಗೀತೀನಿ, ಮೆತ್ತಗೆ ಮಾತಾಡು" ಎಂದು ಸಣ್ಣತಾಯಮ್ಮ ಅಡ್ಡ ಬಂದಳು. "ನಮ್ಮೂರವ್ನು ಕಣ. ಕ್ವಾಟೆ ಸೀಮೆ, ನಮ್ಮ ಕೇರಿಯವ್ನೇ. ವರಸೇಲಿ ನಂಗೆ ಅಣ್ಣ. ಚಿಕ್ಕಂದ್ರಲ್ಲೇ ಮೈಸೂರಿಗೆ ಓಡೋಗಿ ಲಾರಿ ಕೆಲ್ಸ ಕಲ್ತವ್ನೆ. ಜಾತಿ ಏಳಿದ್ರೆ ಯಾರು ಮೋಟ್ರು ಕೊಟ್ಟಾರು? ಈ ಬಾಡು ತಿಂದು ಏಸು ವರ್ಷ ಆಗಿತ್ತೋ ಅವ್ನು."

ನಂಜಣ್ಣನ ಬಾಯಲ್ಲಿ ತುತ್ತು ಹಾಗೇ ನಿಂತಿತ್ತು. ನುಂಗಿ, ಪಟ್ಟಣದ ಮಾತನ್ನೆಲ್ಲ ಬಿಟ್ಟು ಹೇಳಿದ.

"ಬಾವಾ, ನನ್ನ ಜೀವ ನಿನ್ನ ಬಾಯಲ್ಲಿ ಅದೆ. ಅವರ ಮುಂದೆ ನಿನ್ನ ಗದರಿಸ್ತೀನಿ, ಒಟ್ಟೆಗಾಕ್ಕೋ."

ಅಂಕಯ್ಯ ಗೂಟ ಎಸೆದು ಬಂದುಬಿಟ್ಟ. ಹೆಂಡತಿಯ ಮೇಲಿನ ಅನುಮಾನ ಅಲ್ಲಿಗೆ ತೀರಿತು. ಉರಿ ಮಾತ್ರ ತೀರಲಿಲ್ಲ, ದುಪ್ಪಟ್ಟಾಯಿತು. ನಂಜಣ್ಣ ಬೇರೆ ಜಾತಿಯವನೆಂದು ತಿಳಿದಿದ್ದಾಗ ಆ ಹೊಟ್ಟೆಕಿಚ್ಚಿಗೊಂದು ಗಡಿಯಿತ್ತು. ಅವರು ಮೇಲೆ ಕೂರುವುದು, ತಾನು ಕೆಳಗೆ ನಿಲ್ಲುವುದು ಹುಟ್ಟಿನಿಂದ ಕಂಡದ್ದೇ. ಈಗ ಹಾಗಲ್ಲ. ತನ್ನಂತೆಯೇ ಕೇರಿಯ ಬೂದಿಯಲ್ಲಿ ಹೊರಳಿದವನು, ತನ್ನ ಮನೆಯ ಬಾಡು ತಿನ್ನುವವನು, ಆ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂರುತ್ತಾನೆ. ರುಕ್ಮಿಣಮ್ಮ ಅವನನ್ನು "ಬಾಪ್ಪ" ಅನ್ನುತ್ತಾರೆ. ಅವನು ಕೂರಬಹುದಾದರೆ ನಾನು ಯಾಕೆ ಕೂರಬಾರದಿತ್ತು? ನಾನೂ ಓಡಿಹೋಗಿದ್ದರೆ? ಈ ಪ್ರಶ್ನೆ ಪಂಪು ಒತ್ತಿದಾಗಲೆಲ್ಲ ಮೇಲೆ ಬರುತ್ತಿತ್ತು. ಬಂದಾಗಲೆಲ್ಲ ಅವನಿಗೆ ಪಟೇಲರ ಮೇಲೆ ಸಿಟ್ಟು ಬರುತ್ತಿರಲಿಲ್ಲ, ನಂಜಣ್ಣನ ಮೇಲೆ ಬರುತ್ತಿತ್ತು.

ಬೇಸಗೆ ಬಲಿಯಿತು. ಪಟೇಲರು ಸಾಲಿಗ್ರಾಮಕ್ಕೆ ಹೊರಟಿದ್ದ ಬೆಳಿಗ್ಗೆ ಗಾಳಿ ಹೊಡೆಯುತ್ತಿದ್ದಾಗ ಅಂಕಯ್ಯನ ಬೆವರುಗಾಲು ಜಾರಿತು. ಮುಗ್ಗರಿಸಿ ಭುಜ ಮೋಟಾರಿನ ಮಡ್‌ಗಾರ್ಡಿಗೆ ತಾಗಿತು. ಕಪ್ಪಗೆ ಹೊಳೆಯುತ್ತಿದ್ದ ತಗಡಿನ ಮೇಲೆ ಬೆವರಿನ ಗುರುತು ಮೂಡಿತು.

ಪಟೇಲರ ತಾಯಿ ದೊಡ್ಡಮ್ಮ ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತಿದ್ದವರು ಕಿರುಚಿದರು. "ಅಯ್ಯಯ್ಯೋ, ಮುಟ್ಬುಟ್ಟ ಕಣೋ ತಿಮ್ಮಾ! ಮೈಯೆಲ್ಲ ಆನ್ಸವ್ನೆ!"

"ನಂಜಣ್ಣ, ಬಿಗಿಯೋ ಆ ನನ್ಮಗನ ಕೆನ್ನೆಗೆ" ಎಂದರು ಪಟೇಲರು.

ನಂಜಣ್ಣ ಎದ್ದು ನಿಂತ. ಕೈ ಬರಲಿಲ್ಲ.

"ಯಾಕೋ, ಮೈಲಿಗೆ ಆಯ್ತದೆ ಅಂತಲಾ? ಆಮೇಲೆ ಬಾವಿ ತಾವ ತೊಳ್ಕೊ. ಬಿಗಿ!"

ನಂಜಣ್ಣ ಹೊಡೆದ. ಹೊಡೆಯುವ ಮೊದಲು ಅವನ ತುಟಿ ಏನೋ ಅಂದಿತು. ಅಂಕಯ್ಯನಿಗೆ ಕೇಳಲಿಲ್ಲ. ಕೇಳಿಸಿದ್ದು ಏಟು ಒಂದೇ. ಅಷ್ಟು ದಿನ ಒತ್ತಿ ಒತ್ತಿ ಒಳಗಿಟ್ಟದ್ದೆಲ್ಲ ಬಾಯಿಗೆ ಬಂತು.

"ನನ್ನ ಒಡ್ಯಾಕೆ ಅವನ್ಯಾವ ದೊರೆ ಬುದ್ದಿ? ಅವನೂ ನನ್ನಂಗೇ ಒಲೆಯ! ಕ್ವಾಟೆ ಸೀಮೆ ಒಲಗೇರಿಯವ್ನು! ನಮ್ಮ ಮನೆ ಒಣಬಾಡು ತಿಂದು ಬಂದು ನಿಮ್ಮ ಜಗಲೀಲಿ ಕಾಪಿ ಕುಡೀತಾನೆ!"

ದೊಡ್ಡಮ್ಮನ ಮಡಿಲಿನಿಂದ ಬತ್ತಿಗಳು ಚೆಲ್ಲಿದವು. ಪಟೇಲರು ಒಂದೊಂದೇ ಮೆಟ್ಟಿಲು ಇಳಿದು ಬಂದರು.

"ನಿಜಾನೇನೋ?"

ನಂಜಣ್ಣ ಇಲ್ಲ ಅನ್ನಬಹುದಿತ್ತು. ಜೀತದಾಳಿನ ಮಾತು ಯಾರು ನಂಬುತ್ತಿದ್ದರು? ಆದರೆ ದನದ ಕೊಟ್ಟಿಗೆಯ ಬಾಗಿಲಲ್ಲಿ ಸಣ್ಣತಾಯಮ್ಮ ನಿಂತಿದ್ದಳು. ಸುಳ್ಳೆಂದರೆ ಅವಳನ್ನು ಎಳೆದು ತಂದು ಬಾಡಿನ ವಿಚಾರ ಕೇಳುತ್ತಿದ್ದರು. ನಂಜಣ್ಣ ಅವಳನ್ನು ನೋಡಿ, ತಲೆ ತಗ್ಗಿಸಿ, "ನಿಜ" ಎಂದ.

ಅಂಗಳದಲ್ಲಿ ಪಟೇಲರ ಬಂಟ ಚಾಮಯ್ಯನೂ ಇದ್ದ. ಅವನು ದೊಣ್ಣೆ ಎತ್ತಿಕೊಂಡು ಬಂದಾಗ ಪಟೇಲರು ತಡೆದರು.

"ನೀನು ಮುಟ್ಬೇಡ. ನಾನೂ ಮುಟ್ಟಾಂಗಿಲ್ಲ. ಲೇ ಅಂಕ, ನಿನ್ನ ಜಾತಿಯವ್ನು ಕಣೋ. ಕಟ್ಟು ಆ ಮರುಕ್ಕೆ. ನೀನೇ ಒಡಿ."

ಪಂಪಿನ ಕೊಳವೆಯನ್ನೇ ಕಿತ್ತುಕೊಳ್ಳುವಂತೆ ಕೈ ತೋರಿಸಿದರು. ಅಂಕಯ್ಯ ನಂಜಣ್ಣನ ಷರಟು ಬಿಚ್ಚಿಸಿ ಹೊಂಗೆಮರಕ್ಕೆ ಕಟ್ಟಿದ. ಮೊದಲ ಏಟು ಅವನ ಹೊಟ್ಟೆಯೊಳಗಿನ ಕಿಚ್ಚೇ ಹೊಡೆಯಿತು, ಹಾಯೆನಿಸಿತು. ಎರಡನೆಯದಕ್ಕೆ ಕೈ ಸೋತಿತು. ಆಮೇಲಿನವನ್ನೆಲ್ಲ ಪಟೇಲರು ಬಾಯಲ್ಲಿ ಹೇಳಿ ಹೊಡೆಸಿದರು. ನಂಜಣ್ಣನ ಬೆನ್ನ ಮೇಲೆ ಬಾಸುಂಡೆ ಎದ್ದು ಒಡೆದವು. ಅವನು ಒಮ್ಮೆಯೂ ಬಾವ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

"ಈ ಮಾತು ಆಚೆ ಓದ್ರೆ ನಮ್ಮ ಸುನಂದೀನ ಯಾವನ್ಲಾ ತಂದ್ಕೊಂಡಾನು?" ದೊಡ್ಡಮ್ಮ ತಲೆ ಚಚ್ಚಿಕೊಂಡರು. ಪಟೇಲರ ಮಗಳು ಸುನಂದಮ್ಮನಿಗೆ ಕಂಪಲಾಪುರದಲ್ಲಿ ಗಂಡು ನೋಡಿಯಾಗಿತ್ತು. ಆಗ ಪಟೇಲರಿಗೆ ಎಚ್ಚರವಾಯಿತು. ನಂಜಣ್ಣನನ್ನು ಬಿಚ್ಚಿಸಿ, ಸೀಮೆ ಬಿಟ್ಟು ಹೋಗದಿದ್ದರೆ ನಾಲೆಗೆ ಹಾಕಿಸುವೆನೆಂದು ಹೇಳಿ ಹಿತ್ತಲ ದಾರಿಯಲ್ಲಿ ಓಡಿಸಿದರು. ಊರಿಗೆಲ್ಲ, ಡ್ರೈವರು ಪೆಟ್ರೋಲು ಕದ್ದ ಎಂದು ಹೇಳಿಸಿದರು. ಹಿತ್ತಾಳೆ ಲೋಟ ತಿಪ್ಪೆಗೆ ಹೋಯಿತು. ಮೋಟಾರಿನ ಚರ್ಮದ ಸೀಟಿಗೆ ಗಂಜಲ ಚಿಮುಕಿಸಿದರು.

"ನೀನು ನಿಯತ್ತಿನವ್ನು ಕಣೋ" ಎಂದು ಪಟೇಲರು ನೆಲದಲ್ಲಿ ಬಿದ್ದಿದ್ದ ಖಾಕಿ ಷರಟನ್ನು ಕೋಲಿನಲ್ಲಿ ಅಂಕಯ್ಯನ ಕಡೆ ತಳ್ಳಿದರು. "ಇಕ್ಕೊ. ಬಾಯಿ ಬುಟ್ರೆ ಮಾತ್ರ ನಾಲಿಗೆ ಸೀಳ್ತೀನಿ."

ಅಂಕಯ್ಯ ಅದನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಮನೆಗೆ ತಂದ. ಸಣ್ಣತಾಯಮ್ಮ ಅವನ ಕಂಕುಳಿಂದ ಕಿತ್ತುಕೊಂಡು ಒಲೆಗೆ ತುರುಕಿದಳು.

"ತವರು ಅಂತ ನಂಗಿದ್ದುದ್ದು ಅದೊಂದು ಜೀವ. ಅದನ್ನೂ ಒಡ್ದು ಬಂದ್ಯಲ್ಲೋ."

ಅವಳು ಅವನೊಡನೆ ಆಡಿದ ಕೊನೆಯ ಮಾತು ಅದೇ. ಆಮೇಲೆ ಹಿಟ್ಟು ಮಾಡಿಟ್ಟಳು, ನೀರು ತಂದಿಟ್ಟಳು, ಅಷ್ಟೇ. ಕಾಫಿ ಕುಡಿಯುವವನು ಇಲ್ಲವಾಗಿದ್ದ. ಆದರೂ ಅಂಕಯ್ಯನಿಗೆ ನಿದ್ದೆ ಹತ್ತಲಿಲ್ಲ. ಈಗ ಅವನಿಗೆ ನಂಜಣ್ಣನ ಬೆನ್ನಿನ ಮೇಲೆಯೇ ಹೊಟ್ಟೆಕಿಚ್ಚು. ಅಷ್ಟು ಏಟು ತಿಂದೂ ಅದು ಬಗ್ಗಿರಲಿಲ್ಲ.

ಮೋಟಾರು ಕೊಟ್ಟಿಗೆಯಲ್ಲೇ ನಿಂತಿತು. ನಿಂತು ನಿಂತು ಟೈರುಗಳು ಕುಸಿದು ನೆಲಕ್ಕೆ ಅಂಟಿದವು. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಕಂಪಲಾಪುರದ ಬೀಗರು ವೀಳ್ಯಶಾಸ್ತ್ರಕ್ಕೆ ಬಂದರು. ಅವರನ್ನು ಮೋಟಾರಿನಲ್ಲೇ ಚುಂಚನಕಟ್ಟೆಯ ದೇವಸ್ಥಾನಕ್ಕೆ ಕರೆದೊಯ್ಯಬೇಕೆಂದು ಪಟೇಲರು ಕಂಠಪ್ಪನೆಂಬ ಹೊಸ ಡ್ರೈವರನ್ನು ಕರೆಸಿದ್ದರು. ಕುಲ, ಬೆಡಗು, ಮುತ್ತಜ್ಜನ ಹೆಸರು ಎಲ್ಲ ಕೇಳಿಯೇ ಅವನನ್ನು ಅಂಗಳಕ್ಕೆ ಬಿಟ್ಟದ್ದು.

ಮೋಟಾರನ್ನು ತಳ್ಳಿಸಿ ಅಂಗಳಕ್ಕೆ ತಂದರು. ಗಂಡಿನ ತಂದೆ ಕೆಂಪಯ್ಯನವರು ಆಗಲೇ ಹತ್ತಿ, ಮುಂದಿನ ಸೀಟಿನಲ್ಲಿ ಎಲೆಅಡಿಕೆ ಮೆಲ್ಲುತ್ತಾ ಕೂತರು. ಉಳಿದ ಬೀಗರು ಸುತ್ತ ನಿಂತರು.

"ಯುದ್ಧ ಶುರುವಾದಾಗಿನ ಟೈರು ಬೀಗ್ರೆ, ಒಂದು ಸೀಳಿಲ್ಲ ನೋಡಿ. ಎಲ್ಲ ಗಾಳೀಲದೆ" ಎಂದು ಪಟೇಲರು ಬೀಗಿದರು. "ಲೇ ಅಂಕ! ಬೀಗ್ರ ಮುಂದೆ ಮುಖ ಏನ್ಲಾ ಕತ್ತೆ ಥರ ಇಳೀಬುಟ್ಟಿದ್ದೀಯೆ? ಒಡಿ."

ಕಂಠಪ್ಪ ಕೊಳವೆ ಸಿಕ್ಕಿಸಿದ. ಅಂಕಯ್ಯ ಒತ್ತತೊಡಗಿದ. ಮುಂದಿನ ಚಕ್ರ ನಿಧಾನವಾಗಿ ತಲೆ ಎತ್ತಿತು. ಕೆಂಪಯ್ಯನವರು ಹೊರಗೆ ಬಗ್ಗಿ ಕೇಳಿದರು.

"ಆ ಹಳೇ ಡ್ರೈವರು ಎಲ್ಲಿ ಪಟೇಲ್ರೆ? ಒಳ್ಳೇ ಹುಡುಗ. ನಮ್ಮೂರಿಗೆ ಬಂದಾಗ ನಮ್ಮ ನಡುಮನೇಲಿ ಕೂರ್ಸಿ ಉಣ್ಣಾಕಿಕ್ಕಿದ್ದೊ."

"ಅಯ್ಯೋ, ಕಳ್ಳ ನನ್ಮಗ. ಪೆಟ್ರೋಲ್ ಕದ್ದು ಸಿಕ್ಬಿದ್ದ. ಒಡ್ದು ಓಡಿಸ್ದೆ."

ಪಂಪು ನಿಂತಿತು. ಅಂಕಯ್ಯ ಬೆನ್ನು ನೆಟ್ಟಗೆ ಮಾಡಿದ.

"ಕಳ್ಳ ಅಲ್ಲ ಬುದ್ದಿ."

"ಏನೋ?"

"ಅವ್ನು ಏನೂ ಕದೀಲಿಲ್ಲ." ಅಂಕಯ್ಯ ಪಟೇಲರ ಕಡೆ ನೋಡಲಿಲ್ಲ, ಕೆಂಪಯ್ಯನವರಿಗೇ ಹೇಳಿದ. "ಅವ್ನು ನನ್ನ ಎಂಡ್ರ ಅಣ್ಣ. ಒಲಗೇರಿಯವ್ನು. ನಿಮ್ಮ ನಡುಮನೇಲಿ ಉಂಡವ್ನೆ. ನೀವು ಕುಂತಿರೋ ಮೋಟ್ರಲ್ಲಿ ಈ ಪಟೇಲ್ರ ತೋಳಿಗೆ ತೋಳು ತಾಗಿಸ್ಕೊಂಡು ಓಡಾಡವ್ನೆ. ಗೊತ್ತಾದ್ಮೇಲೆ ಈ ಕೈಲೇ ಒಡೆಸಿದ್ರು. ಒಡ್ದವ್ನು ನಾನೇ. ಏಳಿಕೊಟ್ಟವ್ನೂ ನಾನೇ, ಒಟ್ಟೆಕಿಚ್ಚಿಗೆ."

ಕೆಂಪಯ್ಯನವರ ದವಡೆ ನಿಂತಿತು. ಬಾಯಲ್ಲಿದ್ದುದನ್ನೆಲ್ಲ ಅಂಗಳಕ್ಕೆ ಉಗಿದು, ಸುಟ್ಟವರಂತೆ ಮೋಟಾರಿನಿಂದ ಕೆಳಗಿಳಿದರು. ಒಳಗೆ ಹಾಡುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿದರು.

"ಸುಳ್ಳು! ಕುಡ್ದವ್ನೆ ಸೂಳೆಮಗ! ಬೀಗ್ರೇ, ನಂಬಬ್ಯಾಡಿ!"

"ಗಂಜಲ ಯಾಕೆ ಚಿಮುಕಿಸಿದ್ರಿ ಸೀಟಿಗೆ?" ಎಂದ ಅಂಕಯ್ಯ.

ಅವನು ಕೂತ. ಕೊಳವೆಯನ್ನು ಕಿತ್ತೆಸೆದು ವಾಲ್ವನ್ನು ತನ್ನ ಕೈಯಲ್ಲೇ ಹಿಡಿದು ಹೆಬ್ಬೆರಳಿನ ಉಗುರಲ್ಲಿ ಒತ್ತಿದ. ಗಾಳಿ ಬುಸ್ಸೆಂದು ಮುಖಕ್ಕೆ ಬಡಿಯಿತು. ತಣ್ಣಗಿತ್ತು, ರಬ್ಬರಿನ ಹಳಸಲು ವಾಸನೆ. ಇದನ್ನೆಲ್ಲ ತಾನೇ ತುಂಬಿದ್ದೆಂದು ನೆನೆದು ಅವನಿಗೆ ಅಚ್ಚರಿಯಾಯಿತು. ಮೋಟಾರು ಒಂದು ಮಗ್ಗುಲಿಗೆ ವಾಲತೊಡಗಿತು. ದನದ ಕೊಟ್ಟಿಗೆಯ ಬಾಗಿಲಲ್ಲಿ ಸಣ್ಣತಾಯಮ್ಮನ ಸಗಣಿ ಕುಕ್ಕೆ ನೆಲಕ್ಕೆ ಬಿತ್ತು. ಅವಳು ಹಿತ್ತಲ ಕಡೆ ಓಡಿದ್ದು ಕಾಣಿಸಿತು. ಹೆದರಿ ಹೋದಳು ಅಂದುಕೊಂಡ. ಹೋಗಲಿ, ಬದುಕಿಕೊಳ್ಳಲಿ.

"ಚಾಮಯ್ಯ, ಬಾಗ್ಲಾಕು" ಎಂದರು ಪಟೇಲರು. ದನಿ ಏರಿರಲಿಲ್ಲ.

ಚಾಮಯ್ಯ ಹೆಬ್ಬಾಗಿಲು ಎಳೆದು ಅಗುಳಿ ಹಾಕಿದ. ಬೀಗರು ಗೋಡೆಯ ಬದಿಗೆ ಸರಿದರು. ಕಂಠಪ್ಪ ಚಕ್ರದ ಬಳಿಯಿಂದ ಎದ್ದು ಮೋಟಾರಿನ ಆಚೆ ಬದಿಗೆ ಹೋದ. ಪಟೇಲರು ಪಂಚೆ ಎತ್ತಿ ಕಟ್ಟಿ, ಚಾಮಯ್ಯನ ಕೈಯ ದೊಣ್ಣೆ ಇಸಿದುಕೊಂಡು ನಡೆದು ಬಂದರು. ಮೈಲಿಗೆಯ ಮಾತು ಈ ಸಲ ಬರಲಿಲ್ಲ. ಅಂಕಯ್ಯ ಎದ್ದು, ಕಬ್ಬಿಣದ ಪಂಪನ್ನು ಬುಡ ಮೇಲಾಗಿ ಎರಡೂ ಕೈಯಲ್ಲಿ ಹಿಡಿದುಕೊಂಡ.

ಹೆಬ್ಬಾಗಿಲು ಧಡ್ ಅಂದಿತು.

"ತೆಗೀರ್ಲಾ ಬಾಗ್ಲ!"

ಸಣ್ಣತಾಯಮ್ಮನ ದನಿ. ಅವಳ ಹಿಂದೆ ಇನ್ನೂ ಕೆಲವು ದನಿ, ಕೇರಿಯ ಕಡೆಯಿಂದ ಓಡಿ ಬರುತ್ತಿದ್ದ ಕಾಲುಗಳ ಸದ್ದು. ಬಾಗಿಲು ಮತ್ತೆ ಅದುರಿತು. ಚಾಮಯ್ಯ ಅಗುಳಿಗೆ ಬೆನ್ನು ಕೊಟ್ಟು, ಎರಡೂ ಹಿಮ್ಮಡಿಯನ್ನು ನೆಲಕ್ಕೆ ಊರಿ ನಿಂತ. ಪಟೇಲರು ದೊಣ್ಣೆ ಎತ್ತಿದರು.